ಎಣಿಕೆಯ ದಿನದ ನರಿ

ಹಿಂಡಿ ಮೂಟೆಗೆ ಸಾವಿರದ ಎಂಟುನೂರು. ಒಣಹುಲ್ಲಿಗೆ ಮಾರುವವನು ಹೇಳಿದ್ದೇ ರೇಟು, ಟೆಂಪೋ ಬಾಡಿಗೆ ಬೇರೆ. ಯಲಹಂಕದ ಸೊಣ್ಣಮ್ಮನ ಕುರಿಗಳು ಬದುಕಿದ್ದದ್ದು ಪುಕ್ಕಟೆ ಸಿಗುವ ಕೆರೆಯಂಗಳದ ಹುಲ್ಲಿನಿಂದ. ಆ ಹುಲ್ಲು ಉಳಿದಿದ್ದದ್ದು ಒಂದು ನರಿಯಿಂದ.

ಊರವರೂ ಅಪಾರ್ಟ್‌ಮೆಂಟಿನವರೂ ಸೇರಿ ಕೆರೆ ಸಮಿತಿ ಮಾಡಿಕೊಂಡಿದ್ದರು. ಕುರಿ ಮೇಯಲಿ, ನರಿಯೂ ಬಾಳಲಿ, ಯಾರೂ ಯಾರ ತಂಟೆಗೂ ಹೋಗಬಾರದು ಎಂದು ಒಪ್ಪಂದ. ಅಲ್ಲಿ ನರಿ ಇರುವವರೆಗೆ ಕಾಂಕ್ರೀಟು ಬೀಳುವಂತಿಲ್ಲ ಎಂದು ಸರ್ಕಾರದ ನಿಯಮ. ಇಲ್ಲವೆಂದಾದರೆ ವಾಕಿಂಗ್ ಟ್ರ್ಯಾಕು ಬರುತ್ತದೆ, ಕುರಿ ಹೊರಗೆ. ವರ್ಷಕ್ಕೊಮ್ಮೆಯ ಎಣಿಕೆಗಾಗಿ ನರಿಯನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲು ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಅರಣ್ಯ ಇಲಾಖೆಯ ಸಂಗಮೇಶ ಎಂಬ ಅಧಿಕಾರಿ ಬರುವವರಿದ್ದರು.

ನರಿ ಮುಖ ನೋಡಿದರೆ ಅಂದಿನ ಕೆಲಸ ಗೆಲ್ಲುತ್ತದೆ ಎಂದು ಊರಲ್ಲಿ ನಂಬಿಕೆ. ಹಾಗಾಗಿ ಬುಧವಾರ ಬೆಳಕು ಹರಿಯುವ ಮುಂಚೆಯೇ ಸೊಣ್ಣಮ್ಮ ಗಡಿಬಿಡಿಯಲ್ಲಿ ಕೆರೆ ಏರಿಗೆ ಹೋದಳು. ಇಡೀ ಸಮಿತಿ ಅಲ್ಲಿತ್ತು. ಎಲ್ಲರೂ ಅದೇ ಯೋಚನೆಯಲ್ಲಿ ಬಂದಿದ್ದರು. ಒಬ್ಬರು ತಮ್ಮ ಅತ್ತೆಯನ್ನೂ ಕರೆತಂದಿದ್ದರು.

“ಸಾಲಾಗಿ ನಿಂತ್ಕೊಳ್ರಪ್ಪ, ಎಲ್ರಿಗೂ ಕಾಣುತ್ತೆ,” ಎಂದರು ಅಧ್ಯಕ್ಷ ಮುನಿನಾರಾಯಣಪ್ಪ.

ಪೊದೆಯಿಂದ ತಲೆ ಹೊರಹಾಕಿದ ನರಿ ಅಷ್ಟೂ ಮುಖಗಳನ್ನು ನೋಡಿತು. ಊರಿನ ಕಡೆಗೆ ಓಟ ಕಿತ್ತಿತು.

“ಆಯ್ತಲ್ಲ, ಮುಖ ನೋಡಿದ್ವಿ. ಇನ್ನು ಕೆಲ್ಸ ಆದಂಗೇ,” ಎಂದರು ಅಧ್ಯಕ್ಷರು.

“ನಾವ್ ಅದರ ಮುಖ ನೋಡಿದ್ದು ಸರಿ ಕಣಣ್ಣೋ. ಅದು ನಮ್ ಮುಖ ನೋಡ್ತಲ್ಲ, ಅದಕ್ಕೇನ್ ಗತಿ?” ಎಂದಳು ಸೊಣ್ಣಮ್ಮ.

ತಿರುಗಿ ಬಂದಿರಬಹುದೆಂದು ಕೆರೆಯಂಗಳವೆಲ್ಲ ಹುಡುಕಿದರು, ಸಿಗಲಿಲ್ಲ. ಅಧಿಕಾರಿ ಬಂದು ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಸೊಣ್ಣಮ್ಮ ಸಪ್ಪೆ ಮುಖ ಹೊತ್ತು ಮನೆಗೆ ಬಂದರೆ, ತಾನೇ ಹಾಕಲು ಮರೆತು ಹೋಗಿದ್ದ ದೊಡ್ಡಿಯ ಬಾಗಿಲು ತೆರೆದಿತ್ತು. ಒಳಗೆ ನರಿ. ಅವಳು ಮಾರದೆ ಸಾಕಿಕೊಳ್ಳಬೇಕೆಂದಿದ್ದ ಹೆಣ್ಣುಮರಿಯ ಮುಕ್ಕಾಲು ಭಾಗ ಅದರ ಹೊಟ್ಟೆಯಲ್ಲಿತ್ತು.

ದೊಣ್ಣೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಬಾಗಿಲು ಹಾಕಿ ಮುನಿನಾರಾಯಣಪ್ಪನಿಗೆ ಫೋನ್ ಮಾಡಿದಳು.

ಅವರು ಅಧಿಕಾರಿಯನ್ನು ಕೇಳಿ ತಿರುಗಿ ಹೇಳಿದರು: “ದೊಡ್ಡೀಲಿ ಕಂಡ್ರೆ ಲೆಕ್ಕಕ್ಕಿಲ್ವಂತೆ ಸೊಣ್ಣಮ್ಮ. ಕೆರೇಲೇ ಕಾಣ್ಬೇಕಂತೆ.”

ಸರಿ, ಸಮಿತಿಯವರು ಓಣಿಯ ಎರಡೂ ಬದಿಗೆ ಸಾಲುಗಟ್ಟಿದರು. ಅಧ್ಯಕ್ಷರು ಸ್ಕೂಲ್ ವ್ಯಾನನ್ನೂ ಎರಡು ಆಟೋಗಳನ್ನೂ ತಡೆದು ನಿಲ್ಲಿಸಿದರು. ಸೊಣ್ಣಮ್ಮ ಬಾಗಿಲು ತೆಗೆದಳು. ಕುರಿಗಳು ಕೆರೆಯ ಕಡೆಗೆ ನುಗ್ಗಿದವು. ಅಕ್ಕಪಕ್ಕ ಜನ, ಹಿಂದೆ ದೊಣ್ಣೆ, ಹೊಟ್ಟೆ ಬೇರೆ ಭಾರ. ಬೇರೆ ದಾರಿ ಕಾಣದೆ ನರಿಯೂ ಮಂದೆಯ ನಡುವೆ ಹೆಜ್ಜೆ ಹಾಕಿತು.

ಸಂಗಮೇಶ ಕನ್ನಡಕ ಒರೆಸಿಕೊಂಡು ನೋಡಿದರು. ‘ನರಿ ಒಂದು, ಆರೋಗ್ಯವಾಗಿದೆ’ ಎಂದು ಬರೆದುಕೊಂಡರು.

“ದಿನಾ ಹಿಂಗ ಕುರಿ ಜೋಡಿ ಬರ್ತದೇನ್ರೀ ಯವ್ವಾ?”

“ಬತ್ತದೆ ಸಾರ್. ತಿಂಡಿ ಮಾತ್ರ ನಮ್ಮನೇಲೇ ಮುಗಿಸ್ಕೊಂಡು ಬತ್ತದೆ.”

ಕೆರೆಯಂಗಳ ಇನ್ನೊಂದು ವರ್ಷ ಕುರಿಗಳಿಗೇ ಉಳಿಯಿತು. ಹೆಣ್ಣುಮರಿ ಹೋಯಿತು.