ಎಡಭುಜದ ಪಟ್ಟಿ

ದಾಕ್ಷಾಯಣಿ ತುಮಕೂರಿನಲ್ಲಿ ಮಣ್ಣಿನ ಬೊಂಬೆ ಮಾಡಲು ಕಲಿಸುವ ಆ ಶೆಡ್ಡಿಗೆ ಮೊದಲ ಸಲ ಹೋದದ್ದು ಕಲಿಯಲಿಕ್ಕಲ್ಲ, ಮಗಳು ಸುಮನಾ ಇನ್ನು ಮೇಲೆ ಬರುವುದಿಲ್ಲ ಎಂದು ಹೇಳಿ ಬರಲಿಕ್ಕೆ. ಹುಡುಗಿ ಎರಡು ಭಾನುವಾರ ಹೋಗಿ, ಉಗುರಲ್ಲಿ ಮಣ್ಣು ಕೂರುತ್ತದೆ ಅಂತ ಕೈಚೆಲ್ಲಿದ್ದಳು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು ವೆಂಕಟರಂಗಯ್ಯ ಮೊಣಕೈವರೆಗೆ ಜೇಡಿಮಣ್ಣು ಮೆತ್ತಿಕೊಂಡು ನಿಂತಿದ್ದರು. "ಸರಿ ಬಿಡಮ್ಮ. ಇದನ್ನೊಂಚೂರು ಹಿಡ್ಕೊ, ಕೈ ತೊಳ್ಕೊಂಡ್ ಬರ್ತೀನಿ" ಎಂದು ಒಂದು ಉಂಡೆ ಮಣ್ಣನ್ನು ಅವಳ ಕೈಗಿಟ್ಟು ಹೋದರು. ಅವರು ವಾಪಸು ಬರುವಷ್ಟರಲ್ಲಿ ಉಂಡೆಗೆ ಮೂಗು ಬಂದಿತ್ತು. ಮನೆಗೆ ಹೋಗುವ ಗುಬ್ಬಿಯ ಬಸ್ಸು ಒಂದಲ್ಲ, ಎರಡು ತಪ್ಪಿದವು.

ಅವತ್ತಿನಿಂದ ಅವಳ ಕೈಗೆ ನೆಮ್ಮದಿ ಇಲ್ಲ. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಕಾಲು ಪೆಡಲು ತುಳಿಯುತ್ತದೆ, ಕಣ್ಣು ಗಿರಾಕಿಯ ಕತ್ತಿನ ನರದ ಮೇಲಿರುತ್ತದೆ. ಮುದ್ದೆ ಕಟ್ಟುವಾಗ ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿ ಕಣ್ಣಿನ ಗುಳಿ ಮಾಡಿಬಿಡುತ್ತದೆ. "ಊಟಕ್ಕಿಟ್ಟಿದೀಯೋ, ಯಾರದೋ ತಲೆ ತಂದು ಇಟ್ಟಿದೀಯೋ?" ಎಂದು ಗಂಡ ಗುರುಪ್ರಕಾಶ್ ತಟ್ಟೆ ತಿರುಗಿಸಿ ತಿರುಗಿಸಿ ನೋಡಿದ್ದ.

ಕಿವಿ, ಕೈ, ಪಾದ, ತಲೆ ಎಂದು ಹನ್ನೊಂದು ಭಾನುವಾರ ಕಳೆದವು. ಹನ್ನೆರಡನೆಯದಕ್ಕೆ ಮೇಷ್ಟ್ರು ನಿಂತ ಮನುಷ್ಯನನ್ನು ಮಾಡಲು ಹೇಳಿದರು. ಒಂದೂವರೆ ಅಡಿ ಎತ್ತರ, ಒಳಗೆ ತಂತಿಯ ಮೂಳೆ, ಮೇಲೆ ಮಣ್ಣು. ತಿಂಗಳ ಕೊನೆಗೆ ತುಮಕೂರಿನದೇ ಒಂದು ಹಾಲ್‌ನಲ್ಲಿ ಎರಡು ದಿನದ ಪ್ರದರ್ಶನ. ಅವರದು ಒಂದೇ ಕಾನೂನು: "ನಿಂತಿದ್ದು ಹಾಲಿಗೆ, ನಿಲ್ದೇ ಇದ್ದಿದ್ದು ವಾಪಸ್ ಮಣ್ಣಿನ ತೊಟ್ಟಿಗೆ." ಹಾಲಿಗೆ ಹೋದವರು ಮುಂದೆ ಆಳೆತ್ತರದ ಕೆಲಸಕ್ಕೆ ಕೈ ಹಚ್ಚಬಹುದು. ತೊಟ್ಟಿಯವರು ಮತ್ತೆ ಕಿವಿಯಿಂದ ಶುರು.

ಮತ್ತೆ ಕಿವಿಯಿಂದ ಶುರು ಮಾಡಲು ದಾಕ್ಷಾಯಣಿಗೆ ಭಾನುವಾರಗಳಿರಲಿಲ್ಲ. ಇಷ್ಟು ಸಿಕ್ಕಿದ್ದೇ ಜಗಳವಾಡಿ. "ಈ ಸಲ ಆದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಸುಮ್ನೆ ಬುಡು, ಭಾನುವಾರಾನೂ ಅಂಗಡಿ ತೆಗಿ" ಎಂದು ಗುರುಪ್ರಕಾಶ್ ಗಡುವು ಹಾಕಿದ್ದ.

ಅವಳು ತನಗೆ ಗೊತ್ತಿದ್ದ ದಾರಿಯಲ್ಲೇ ನುಗ್ಗಿದಳು. ಟೇಪ್ ಹಿಡಿದಳು. ಭುಜದಿಂದ ಭುಜಕ್ಕೆ ಇಷ್ಟು, ಸೊಂಟ ಇಷ್ಟು, ತೋಳುದ್ದ ಇಷ್ಟು ಎಂದು ಲೆಕ್ಕ ಇಳಿಸಿ ಒಂದು ಹೆಂಗಸನ್ನು ನಿಲ್ಲಿಸಿದಳು. ಮೇಷ್ಟ್ರು ಅದನ್ನು ಒಂದು ಸುತ್ತು ಬಂದು ನೋಡಿದರು.

"ನಿಂತಿಲ್ಲಮ್ಮ ಇದು. ನೀನು ನಿಲ್ಸಿದೀಯ. ಸೀರೆ ಅಂಗಡಿ ಬಾಗಿಲಲ್ಲಿ ಗೊಂಬೆ ಒಬ್ಬಳು ಇರ್ತಾಳಲ್ಲ, ಅವಳ ತಂಗಿ."

"ಅಳತೆ ಎಲ್ಲಾ ಸರಿಗಿದೆ ಸಾರ್!"

"ಅದೇ ಕಷ್ಟ ನೋಡು. ನೀನು ನೆಟ್ಟಗೆ ನಿಲ್ಸಿ ಅಳೀತೀಯ. ಈ ಪ್ರಪಂಚದಲ್ಲಿ ನೆಟ್ಟಗೆ ಯಾರಮ್ಮ ನಿಂತವ್ರೆ? ಟೇಪ್ ಮನೇಲಿಡು. ಒಬ್ಬರನ್ನ ಎದುರಿಗೆ ಇಟ್ಕೊಂಡು ಬರೀ ಕಣ್ಣಲ್ಲಿ ನೋಡು."

ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಗುಬ್ಬಿ ಬರುವವರೆಗೂ ಅವಳು ಅದನ್ನೇ ಅಗಿದಳು. ಮೇಷ್ಟ್ರು ಹೇಳಿದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಬ್ಬರ ಬಲಭುಜ ಇಳಿದಿರುತ್ತದೆ, ಒಬ್ಬರ ಬೆನ್ನು ಒಂದು ಕಡೆ ಉಬ್ಬಿರುತ್ತದೆ. ಅದನ್ನು ಕಂಡರೂ ಕಾಣದಂತೆ ಕತ್ತರಿಸಿ, ಹಾಕಿಕೊಂಡವರು ನೆಟ್ಟಗೆ ಕಾಣುವಂತೆ ಹೊಲಿಯುವುದೇ ಟೈಲರ್ ಕೆಲಸ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಚ್ಚುವುದನ್ನೇ ಕಲಿತ ಕೈಗೆ ಈಗ ತೆರೆದು ತೋರಿಸು ಅಂದರೆ ಹೇಗೆ?

ಮನೆಯಲ್ಲಿ ಅಲ್ಲಾಡದೆ ನಿಲ್ಲುವ ವ್ಯವಧಾನ ಇದ್ದದ್ದು ಅತ್ತೆ ಬಸವಲಿಂಗಮ್ಮನವರಿಗೆ ಮಾತ್ರ. ಕೇಳಿದ್ದೇ ತಡ, ಅವರು ಹಸಿರು ಸೀರೆ ಉಟ್ಟು, ವಿಭೂತಿ ತಿದ್ದಿಕೊಂಡು ಬಂದು, ಫೋಟೋಗೆ ನಿಂತ ಹಾಗೆ ನಿಂತರು. ಸಾಲದ್ದಕ್ಕೆ ತವರಿಗೂ ಫೋನು ಹೋಯಿತು. "ನಮ್ಮ ದಾಕ್ಷಾಯ್ಣಿ ನನ್ ಗೊಂಬೆ ಮಾಡ್ತಾವ್ಳೆ ಕಣ್ರೇ. ತುಮ್ಕೂರಲ್ಲಿ ಇಡ್ತಾರಂತೆ. ಮೂರು ಜನಾನೂ ಬನ್ರಿ." ಕುಣಿಗಲ್ಲಿನಲ್ಲಿದ್ದ ಅಣ್ಣನ ಸೊಸೆಯರು ಮೂವರೂ ಬರುತ್ತೇವೆ ಅಂದರು.

ದಾಕ್ಷಾಯಣಿ ಕೈಯಲ್ಲಿದ್ದ ಮಣ್ಣನ್ನು ಕೆಳಗಿಟ್ಟಳು. ಅತ್ತೆಯ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿದೆ. ಈಗ ಬದುಕಿರುವವರಲ್ಲಿ ಅದು ಗೊತ್ತಿರುವುದು ಸೊಸೆಗೆ ಮಾತ್ರ. ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಸಲ ಅಳತೆ ತೆಗೆದಾಗ ಅವಳ ಟೇಪ್ ಗಕ್ಕನೆ ನಿಂತಿತ್ತು. "ಕಂಡಿದ್ ಕಂಡಂಗೆ ಆಡ್ಬೇಡ, ಹೊಲಿ" ಅಂದಿದ್ದರು ಬಸವಲಿಂಗಮ್ಮ. ಆಮೇಲೆ ಮೆಲ್ಲಗೆ ಹೇಳಿದ್ದರು: ಹೆಣ್ಣು ನೋಡಲು ಬಂದ ದಿನ ಅವರವ್ವ ಅವರನ್ನು ಗೋಡೆಗೆ ಒರಗಿಸಿ, ಸೆರಗು ದಪ್ಪಗೆ ಹೊದಿಸಿ ಕೂರಿಸಿದ್ದಳು. ಗಂಡನ ಮನೆಯವರಿಗೆ ತಿಳಿದದ್ದು ಧಾರೆಯ ನಂತರ. ಅವರ ಅತ್ತೆ ಸಾಯುವ ತನಕ ಹೆಸರು ಹಿಡಿದು ಕರೆಯಲಿಲ್ಲ, 'ಸೊಟ್ಟ ತಕ್ಕಡಿ' ಎಂದೇ ಕರೆದಳು. ಇಪ್ಪತ್ತೊಂದು ವರ್ಷದಿಂದ ದಾಕ್ಷಾಯಣಿ ಹೊಲಿದ ಪ್ರತಿ ರವಿಕೆಯ ಎಡಭುಜದೊಳಗೆ ಬಟ್ಟೆಯ ಒಂದು ದಪ್ಪ ಪಟ್ಟಿ ಇದೆ. ಹೆತ್ತ ಮಗನಿಗೂ ಅದರ ಸುಳಿವಿಲ್ಲ.

ಮೂರು ಮಧ್ಯಾಹ್ನ ಅವಳು ಮಣ್ಣು ಕಟ್ಟಿದಳು, ಕೆಡವಿದಳು. ಪಟ್ಟಿ ಇದ್ದ ರವಿಕೆಯ ಅತ್ತೆಯನ್ನು ಮಾಡಿದರೆ ಸೀರೆ ಅಂಗಡಿಯವಳೇ ಎದ್ದು ಬರುತ್ತಾಳೆ. ಗಿರಾಕಿಯ ಸೀರೆಗೆ ಫಾಲ್ಸನ್ನು ಉಲ್ಟಾ ಹಚ್ಚಿದಳು. ಹಾಲು ಉಕ್ಕಿಸಿದಳು. ಸುಮನಾ ಮೇಲೆ ಸುಮ್ಮಸುಮ್ಮನೆ ರೇಗಿದಳು.

ನಾಲ್ಕನೆಯ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಆಗಷ್ಟೇ ಸ್ನಾನ ಮಾಡಿದ್ದ ಬಸವಲಿಂಗಮ್ಮ ಪಟ್ಟಿಯಿಲ್ಲದ ತೆಳು ಕುಪ್ಪಸದಲ್ಲೇ ಹಿತ್ತಲಿಗೆ ಹೋಗಿ, ಬಿಂದಿಗೆ ತುಂಬುವುದನ್ನು ಕಾಯುತ್ತ ನಿಂತರು. ಭಾರವೆಲ್ಲ ಎಡಗಾಲಿನ ಮೇಲೆ. ಎಡಸೊಂಟ ಹೊರಗೆ ಚಾಚಿ ಮೇಲೆದ್ದಿದೆ, ಎಡಭುಜ ಅದರ ಮಾತು ಕೇಳಲು ಬಗ್ಗಿದ ಹಾಗೆ ಕೆಳಗಿಳಿದಿದೆ, ಬಲಗಾಲು ಸುಮ್ಮನೆ ನೆಲ ಮುಟ್ಟಿದೆ. ಬಾಯಿ ಮಾತ್ರ ಕಾಂಪೌಂಡಿನಾಚೆಯವಳನ್ನು ಬಯ್ಯುತ್ತಿತ್ತು: "ನಿಮ್ ಮೋಟ್ರು ಆಫ್ ಮಾಡೇ, ನಮ್ಗೂ ಒಂದ್ ಹನಿ ಬರ್ಲಿ!"

ದಾಕ್ಷಾಯಣಿ ಒಲೆ ಆರಿಸಿ ಅಂಗಡಿಯ ಹಿಂದಿನ ಕೋಣೆಗೆ ಓಡಿದಳು. ದಪ್ಪ ತಂತಿ ಮುಗಿದಿತ್ತು. ಸಿಕ್ಕಿದ ಸಣ್ಣ ತಂತಿಯನ್ನೇ ಎರಡೆಳೆ ಹೊಸೆದು, ಅದೇ ಬಾಗು ಕೊಟ್ಟು ಹಲಗೆಗೆ ಮೊಳೆ ಹೊಡೆದಳು. ಮಣ್ಣು ಮೆತ್ತಿದಳು. ಮಧ್ಯಾಹ್ನದ ಹೊತ್ತಿಗೆ ಬೊಂಬೆ ತನ್ನ ಕಾಲ ಮೇಲೆ ತಾನೇ ನಿಂತು ಯಾರಿಗೋ ಬಯ್ಯುತ್ತಿತ್ತು. ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದಳು. ಅವರ ಮಾತು ಮೊಬೈಲಿನಲ್ಲಿ ಬಂತು: "ನಿಂತಿದೆ ಕಣಮ್ಮ. ಇನ್ನು ಮುಟ್ಬೇಡ. ಭಾನುವಾರ ತಗೊಂಡು ಬಾ."

ಆದರೆ ತಗೊಂಡು ಹೋಗುವುದು ಹೇಗೆ? ಅವಳು ಅದಕ್ಕೆ ಒದ್ದೆ ಬಟ್ಟೆ ಸುತ್ತಿ, "ಇನ್ನೂ ಮುಗಿದಿಲ್ಲ ಅತ್ತೆ" ಎಂದು ಎರಡು ದಿನ ಸುಳ್ಳು ಹೇಳಿದಳು. ಶನಿವಾರ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆಯುತ್ತಿರುವಾಗ ಹಿಂದಿನ ಕೋಣೆಯ ಬಾಗಿಲು ಕಿರುಗುಟ್ಟಿತು. ಟೇಪನ್ನು ಅವಳ ತೋಳಲ್ಲೇ ಬಿಟ್ಟು ಒಳಗೆ ಓಡಿದಳು.

ಬಟ್ಟೆ ನೆಲದ ಮೇಲಿತ್ತು. ಬಸವಲಿಂಗಮ್ಮ ಬೊಂಬೆಯ ಎದುರು ನಿಂತಿದ್ದರು.

"ಅತ್ತೆ..."

"ಇಪ್ಪತ್ತೊಂದು ವರ್ಸ ಹೊಲ್ದು ಮುಚ್ದೋಳು ನೀನೇ. ಈಗ ಬಿಚ್ಚಿ ಊರಿಗೆಲ್ಲ ತೋರ್ಸೋಳೂ ನೀನೇನಾ?" ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಆ ಮೂರು ಜನ ಬತ್ತವ್ರಲ್ಲೇ. ನಾನೇ ಕರ್ದಿದೀನಿ."

"ನೆಟ್ಟಗೆ ಮಾಡಕ್ಕೆ ಹೋದ್ರೆ ನೀವು ಬರಲ್ಲ ಅತ್ತೆ. ಯಾರೋ ಬರ್ತಾರೆ."

"ಬರ್ದೇ ಏನು? ಇಷ್ಟ್ ಎತ್ತಿದ್ರೆ ಆಯ್ತಪ್ಪ!"

"ಮುಟ್ಬೇಡಿ!" ಅನ್ನುವುದರೊಳಗೆ ಅವರು ಬೊಂಬೆಯ ಎಡಭುಜದ ಅಡಿಗೆ ಹೆಬ್ಬೆರಳು ಕೊಟ್ಟು ಮೇಲಕ್ಕೆ ಒತ್ತಿಬಿಟ್ಟರು. ಒಳಗಿನ ಸಣ್ಣ ತಂತಿ ಬಗ್ಗಿತು. ಭುಜಗಳೇನೋ ಸಮ ಬಂದವು, ಆದರೆ ಇಡೀ ಮೈ ಎಡಗಾಲನ್ನು ಬಿಟ್ಟು ಬಲಕ್ಕೆ ವಾಲಿತು. ಅತ್ತೆ ಬೊಂಬೆಯ ತಲೆ ಹಿಡಿದುಕೊಂಡರು, ಸೊಸೆ ಅದರ ಸೊಂಟ ಹಿಡಿದುಕೊಂಡಳು. ಹೊರಗಿನಿಂದ ಗಿರಾಕಿ ಕೂಗಿದಳು: "ಅಕ್ಕಾ, ಟೇಪು!"

"ಬುಟ್ರೆ ಬೀಳ್ತದಾ?" ಬಸವಲಿಂಗಮ್ಮ ಪಿಸುಗುಟ್ಟಿದರು.

"ಬೀಳ್ತದೆ. ಸೊಂಟ ಮೇಲಕ್ಕೆದ್ದದೆ, ಅದಕ್ಕೇ ಭುಜ ಕೆಳಗೆ ಬಂದದೆ. ಭುಜ ಎತ್ತಿದ್ರೆ ಸೊಂಟ ಭಾರ ಹೊರಲ್ಲ."

ಅತ್ತೆ ಆ ಮಣ್ಣಿನ ಸೊಂಟವನ್ನೇ ನೋಡಿದರು. "ನಾಕು ಜನ ತಮ್ದೀರು ಕಣೇ. ಒಬ್ಬ ಇಳಿಯೋದ್ರೊಳಗೆ ಇನ್ನೊಬ್ಬ. ನಮ್ಮವ್ವ ಹೊಲಕ್ ಹೋಗೋಳು, ಎಲ್ರೂ ಈ ಸೊಂಟದ್ ಮೇಲೇ" ಎಂದು ಮೂಗು ಉಜ್ಜಿಕೊಂಡು, ಮೂಗಿಗೂ ಮಣ್ಣು ಮಾಡಿಕೊಂಡರು. ಆಮೇಲೆ ಭುಜದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು. "ಇಷ್ಟಾ?"

"ಇನ್ನೊಂಚೂರು."

"ಇನ್ನಾ? ಸತ್ತೆ ಬುಡು."

ದಾಕ್ಷಾಯಣಿ ಒಂದೊಂದೇ ಬೆರಳು ತೆಗೆದಳು. ಬೊಂಬೆ ನಿಂತಿತು.

"ತಗೊಂಡೋಗು" ಅಂದರು ಅತ್ತೆ, ಕೈ ತೊಳೆಯಲು ಹೊರಟವರು ಬಾಗಿಲಲ್ಲಿ ತಿರುಗಿ. "ನನ್ ಹೆಸ್ರು ಬರೀಬೇಡ. ನಾನ್ ಹಾಕ್ಕೊಳೋ ರವಿಕೆಗೆ ಪಟ್ಟಿ ದಪ್ಪನಾಗಿಡು."

ಭಾನುವಾರ ಹಾಲ್‌ನಲ್ಲಿ ಮೇಷ್ಟ್ರು ಬೊಂಬೆಯನ್ನು ಸುತ್ತು ಬಂದು, ಭುಜದ ಮೇಲಿನ ಹೆಬ್ಬೆರಳ ಗುರುತಿನ ಹತ್ತಿರ ನಿಂತರು. "ಮುಟ್ಬೇಡ ಅಂದಿದ್ನಲ್ಲಮ್ಮ."

"ನಾನ್ ಮುಟ್ಟಿಲ್ಲ ಸಾರ್."

ಅವರು ಅವಳ ಮುಖ ನೋಡಿದರು. "ಮುಂದಿನ ವಾರ ಕಬ್ಬಿಣದ ಸರಳು ತರಿಸ್ತೀನಿ. ಈ ಶಾವಿಗೆಯಂಥ ತಂತೀಲಿ ಆಳೆತ್ತರ ನಿಲ್ಲಲ್ಲ." ಪಕ್ಕದಲ್ಲಿದ್ದ ಗುರುಪ್ರಕಾಶ್ ಮೀಸೆ ಎಳೆದುಕೊಂಡು, ಭಾನುವಾರದ ಆಸೆ ಬಿಟ್ಟವನಂತೆ ಬಾಗಿಲ ಕಡೆ ನೋಡಿದ.

ಕುಣಿಗಲ್ಲಿನ ಮೂವರೂ ಬಂದರು. ಬಸವಲಿಂಗಮ್ಮ ಹೊಸ ರವಿಕೆಯಲ್ಲಿ, ಎರಡೂ ಕಾಲು ಜೋಡಿಸಿ, ದಸರಾ ಬೊಂಬೆಯ ಹಾಗೆ ಸೆಟೆದು ನಿಂತಿದ್ದರು.

"ಇದ್ಯಾರು ಅತ್ತೆ? ನಿಮ್ ಗೊಂಬೆ ಎಲ್ಲಿ?"

"ನಂದು ಸರಿ ಬರ್ಲಿಲ್ವಂತೆ. ಇವ್ಳ್ಯಾರೋ, ನಂಗೇನ್ ಗೊತ್ತು."

ಇಬ್ಬರು ಬೇರೆ ಬೊಂಬೆಗಳ ಕಡೆ ನಡೆದರು. ಕಿರಿಯವಳು ಅಲ್ಲೇ ಉಳಿದಳು. ದಾಕ್ಷಾಯಣಿ ಉಗುರು ಕಚ್ಚುತ್ತ ಅತ್ತೆಯನ್ನೇ ನೋಡುತ್ತಿದ್ದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹಾಲ್‌ನಲ್ಲಿ ಕುರ್ಚಿ ಇರಲಿಲ್ಲ. ಎಪ್ಪತ್ತರ ಕಾಲು ಎಷ್ಟು ಹೊತ್ತು ಸೆಟೆದೀತು? ಅವರಿಗೇ ತಿಳಿಯದಂತೆ ಭಾರ ಎಡಗಾಲಿಗೆ ಇಳಿಯಿತು, ಸೊಂಟ ಹೊರಕ್ಕೆ ಬಂತು, ಪಟ್ಟಿಯ ಸಮೇತ ಭುಜ ಕೆಳಗಿಳಿಯಿತು.

ಕಿರಿಯವಳು ಬೊಂಬೆಯನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಮತ್ತೆ ಬೊಂಬೆಯನ್ನು.

ಅವಳು ನೋಡಿದ್ದು ಬಸವಲಿಂಗಮ್ಮನವರಿಗೆ ಗೊತ್ತಾಯಿತು. ಈಗ ನೆಟ್ಟಗಾಗುತ್ತಾರೆ ಎಂದುಕೊಂಡಳು ದಾಕ್ಷಾಯಣಿ. ಅವರು ಆಗಲಿಲ್ಲ. ಎಡಗೈಯನ್ನು ಸೊಂಟದ ಮೇಲೆ ಭದ್ರವಾಗಿ ಊರಿದರು.

"ಏನ್ಲೇ ಅಂಗ್ ನೋಡ್ತೀಯ? ಕಾಲ್ ನೋಯ್ತವೆ, ನಿಂತಿದೀನಿ."