ಹಂಚಿನಿಂದ ಹಾರಿದ ರೊಟ್ಟಿ

ಕೆನಡಾದ ಎಟೋಬಿಕೋಕ್‌ನ ಆ ಮನೆಯಲ್ಲಿ ಭಾನುವಾರದ ಜೋಳದ ರೊಟ್ಟಿ ತಟ್ಟೆಗೆ ಬೀಳುತ್ತಿರಲಿಲ್ಲ. ಮಡಿವಾಳಪ್ಪ ಹಂಚಿನಿಂದ ಬಿಸಿ ರೊಟ್ಟಿ ಎಸೆಯುವುದು, ಮಗ ಸುಧನ್ವ ಬಾಗಿಲ ಬಳಿ ನಿಂತು ಹಿಡಿಯುವುದು, ಅವನ ಚಿಕ್ಕಂದಿನಿಂದ ನಡೆದುಬಂದ ಆಟ. ಆ ಕೈಗಳೇ ಮುಂದೆ ಅವನನ್ನು ಅಮೆರಿಕದ ಫುಟ್‌ಬಾಲ್ ತಂಡವೊಂದರ ವೈಡ್ ರಿಸೀವರ್ ಮಾಡಿದವು. ಕೈಯಲ್ಲೇ ಆಡುವ ಆ ಫುಟ್‌ಬಾಲ್‌ನಲ್ಲಿ ದೂರದಿಂದ ಬರುವ ಚೆಂಡನ್ನು ಓಡುತ್ತಲೇ ಹಿಡಿಯುವುದು ಒಂಬತ್ತು ವರ್ಷ ಅವನ ಕೆಲಸವಾಗಿತ್ತು. ಕಳೆದ ಸೀಸನ್ನಿನಲ್ಲಿ ಕೈಗೆ ಪೆಟ್ಟಾಗಿತ್ತು. ಮತ್ತೆ ಆಡುತ್ತಾನೋ ಇಲ್ಲವೋ, ಕೇಳಲು ಮಡಿವಾಳಪ್ಪನಿಗೆ ಧೈರ್ಯ ಸಾಲದು.

“ಹಿಡಿಯಲೇ ಸುಧ್ಯಾ! ಅಷ್ಟ ದೊಡ್ಡ ಪ್ಲೇಯರ್ ಆಗಿ ರೊಟ್ಟಿಗೆ ಅಂಜತೀಯೇನ?” ಎನ್ನುತ್ತ ಈ ಭಾನುವಾರವೂ ಎಸೆದ.

ಸುಧನ್ವ ಹಿಡಿದ, ಆದರೆ ಎಡಗೈಯಲ್ಲಿ. ಬಲಗೈಯ ಎರಡು ಬೆರಳು ಮಡಚಲೇ ಇಲ್ಲ.

“ಡಾಕ್ಟರ್ ನೋ ಅಂದ್ರು, ಅಪ್ಪಾ. ಐ ಆಮ್ ಡನ್.”

ಹಂಚಿನ ಮೇಲೆ ಇನ್ನೊಂದು ರೊಟ್ಟಿ ಉಬ್ಬಿತು. ಮಡಿವಾಳಪ್ಪ ಅದನ್ನು ಎಸೆಯಲಿಲ್ಲ. ತಟ್ಟೆಗೆ ಹಾಕಿ, ಬೆಣ್ಣೆ ಸವರಿ, ಕುರ್ಚಿ ಎಳೆದ.

“ಭಾಳ ಓಡೀದಿ ಮಗನ. ಕುಂತ ಉಣ್ಣು.”

ಸುಧನ್ವ ಕುಳಿತು ಉಂಡ. ತಟ್ಟೆ ಬರಿದಾದ ಮೇಲೆ, ಕುಳಿತಲ್ಲಿಂದಲೇ ಎಡಗೈ ಚಾಚಿದ.

“ಒನ್ ಮೋರ್, ಅಪ್ಪಾ. ಥ್ರೋ ಮಾಡು.”