ಈಶಾನ್ಯದ ಮೊದಲ ಕಲ್ಲು

ಜಹೀರುದ್ದೀನ್ ಕುರ್ಚಿಯನ್ನು ಇನ್ನಷ್ಟು ನೆರಳಿಗೆ ಎಳೆದುಕೊಂಡರು. ಕಮಲಾಪುರದಲ್ಲಿ ಕೊಂಡ ಕೆಂಪು ಬಾಳೆಗೊನೆ ಕಾರಿನ ಡಿಕ್ಕಿಯಲ್ಲೇ ಇತ್ತು; ಇಷ್ಟೊತ್ತಿಗೆ ತಂಡದ ಹುಡುಗರು ಅರ್ಧ ಖಾಲಿ ಮಾಡಿರಬೇಕಿತ್ತು. ಮೈದಾನದಲ್ಲಿ ಯಾರೂ ಇರಲಿಲ್ಲ. ಸುತ್ತ ಮಾರಾಟವಾಗದ ಪ್ಲಾಟುಗಳ ಕಲ್ಲುಗಳು, ನಡುವೆ ಒಣಗಿದ ಹುಲ್ಲು, ಕಮಾನಿನ ಮೇಲೆ ಅವರ ಲೇಔಟಿನ ಹೆಸರು.

ಪ್ಲಾಟು ಮಾರುತ್ತಲೇ ವಯಸ್ಸಾಗಿತ್ತು. ರಿಜಿಸ್ಟ್ರಿಯ ದಿನ ಪೇಢೆ ತಿನ್ನಿಸಿದವರು ಆಮೇಲೆ ಬಜಾರಿನಲ್ಲಿ ಗುರುತು ಹಿಡಿಯುತ್ತಿರಲಿಲ್ಲ. ಹೆಂಡತಿ ದಿಲ್ಶಾದ್ ಬೇಗಂ ತೀರಿಕೊಂಡ ಮೇಲೆ ಕಲಬುರಗಿಯ ಮೋಮಿನಪುರದ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಕೋಚ್ ಅಣವೀರಪ್ಪ ತಮ್ಮ ಬೇಸ್‌ಬಾಲ್ ತಂಡಕ್ಕೊಬ್ಬ ಮಾಲೀಕನನ್ನು ಹುಡುಕಿಕೊಂಡು ಬಂದಾಗ, ಅದು ಎಂಥ ಆಟವೆಂದು ಕೇಳದೆಯೇ ಒಪ್ಪಿದ್ದರು. ಲೇಔಟಿನ ಜಾಗವನ್ನೇ ಮೈದಾನ ಮಾಡಿದರು. ಸಂಜೆ ಹುಡುಗರ ಕೂಗಾಟ ಕೇಳುವುದಕ್ಕಾಗಿಯೇ ಉಳಿದ ಹಗಲು ಕಳೆಯುತ್ತಿತ್ತು.

ಆಟೊ ಬಂತು. ಅಣವೀರಪ್ಪ ಒಬ್ಬರೇ ಇಳಿದು, ಶೆಡ್ಡಿನಲ್ಲಿದ್ದ ಬ್ಯಾಟು, ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದರು.

"ಹುಡುಗ್ರು ಎಲ್ರಿ ಮಾಸ್ತರ?"

"ಕಲಬುರಗ್ಯಾಗ ಅದಾರ್ರಿ. ಒಂದು ಸಾಲಿ ಗ್ರೌಂಡಿನ್ಯಾಗ ಆಡಾಕತ್ತಾರ." ಅವರು ತಲೆ ಎತ್ತಲಿಲ್ಲ. "ಇನ್ನ ಅಲ್ಲೇ ಆಡ್ತಾರಂತ್ರಿ. ಅಂಗಿ ಮ್ಯಾಲ ಹೆಸರು ಮಾತ್ರ ನಿಮ್ದ ಇರ್ತದ ಸೇಠ್."

"ಹೆಸರು ತೊಗೊಂಡು ನಾ ಏನ್ ಮಾಡ್ಲಿ? ಇಲ್ಲಿ ಏನ್ ಕಮ್ಮಿ ಆಗ್ಯದ?"

"ಏನೂ ಕಮ್ಮಿ ಇಲ್ರಿ."

"ಮತ್ತ?"

"ಚೆಂಡು ಕಾಣಂಗಿಲ್ರಿ," ಅಂದರು ಅಣವೀರಪ್ಪ. "ಹೊಡಿಯಾಂವ ಈಶಾನ್ಯ ಮೂಲ್ಯಾಗ ನಿಲ್ತಾನ, ಮಾರಿ ನೈಋತ್ಯಕ್ಕ. ಚಳಿಗಾಲದ ಸಂಜಿ ಸೂರ್ಯ ಸೀದಾ ಕಣ್ಣಾಗ. ಚೆಂಡು ಬಡದು ನಮ್ಮ ಹುಡುಗ ಪರ್ವೇಜನ ಹುಬ್ಬಿಗೆ ಹೊಲಿಗಿ ಬಿದ್ದಾವ."

"ಅಂವ ಬೈಕ್ ಮ್ಯಾಲಿಂದ ಬಿದ್ದೆ ಅಂದಿದ್ನಲ್ರಿ?"

"ಹಂಗ ಹೇಳು ಅಂದಾಂವ ನಾನ ರೀ."

ಜಹೀರುದ್ದೀನ್ ಮೈದಾನ ನೋಡಿದರು. ಆ ಸುಣ್ಣದ ಗೆರೆಗಳನ್ನು ಎಳೆದದ್ದು ಅವರೇ. ಯಾವ ಜಾಗವಾದರೂ ಮೊದಲ ಕಲ್ಲು ಈಶಾನ್ಯಕ್ಕೆ. ವಾಸ್ತು ಕೇಳುವ ಗಿರಾಕಿಗಳಿಂದ ಕೈಗೆ ಹತ್ತಿದ ರೂಢಿ ಅದು. ಅವತ್ತೂ ಕೈ ಅಲ್ಲಿಂದಲೇ ಶುರು ಮಾಡಿತ್ತು.

"ಅವತ್ತ ಹೇಳಬೇಕಿತ್ತಲ್ರಿ."

"ಗೆರಿ ಎಳಿಯೋವಾಗ ಭಾಳ ಖುಷಿಲೆ ಇದ್ರಿ. ಆಮ್ಯಾಲ ಮಾಲೀಕರಿಗೆ ಹೇಳಾವ್ರು ಯಾರು? ಹುಡುಗ್ರು ಏನಂತಾರ ಗೊತ್ತೇನ್ರಿ? ಸೇಠರ ಗ್ರೌಂಡಿನ್ಯಾಗ ಆಡೋದಕ್ಕಿಂತ ಉರುಸಿನ ಗದ್ದಲದಾಗ ಕಣ್ ಮುಚ್ಚಿ ದರ್ಗಾ ಮುಂದಿನ ರೋಜಾ ರಸ್ತೆ ದಾಟೋದು ಸಲೀಸಂತ."

ಜಹೀರುದ್ದೀನ್ ನಕ್ಕರು. ನಗು ಬೇಗ ಮುಗಿಯಿತು.

"ನಾಳಿನೇ ತಿರುಗಿಸಿ ಹಾಕಸ್ತೀನಿ. ಬರ್ತಾರೇನ್ರಿ?"

ಅಣವೀರಪ್ಪ ಚೀಲದ ಬಾಯಿಗೆ ಗಂಟು ಹಾಕಿದರು. "ಅಲ್ಲಿ ಮನಿ ಸನೇಕ ಅದರೀ. ಒಂದು ತಿಂಗಳಿಂದ ದಿನಾ ಮುಂಜಾನಿ ಅಲ್ಲೇ ಆಡಿ ರೂಢಿ ಆಗಿಬಿಟ್ಟದ."

ಜಹೀರುದ್ದೀನ್ ಎದ್ದು, ಆ ಗಂಟು ಬಿಚ್ಚಿ ಒಂದು ಬ್ಯಾಟು ತೆಗೆದುಕೊಂಡರು. ಈಶಾನ್ಯ ಮೂಲೆಗೆ ಹೋಗಿ ನಿಂತರು.

"ಒಂದ್ ಚೆಂಡು ಒಗೀರಿ."

"ಬ್ಯಾಡ್ರಿ ಸೇಠ್. ಪೆಟ್ಟು ಹತ್ತೀತು."

"ಒಗೀರಿ ಮಾಸ್ತರ."

ಅಣವೀರಪ್ಪ ಒಂದು ಚೆಂಡು ಹಿಡಿದು ಎದುರಿಗೆ ಹೋದರು. ಅವರ ಕೈ ಮೇಲೆದ್ದದ್ದು ಕಂಡಿತು. ಆಮೇಲೆ ಬರೀ ಬೆಳಕು. ಬೆನ್ನ ಹಿಂದೆ ಕಟ್ಟಿದ್ದ ಬಲೆಗೆ ಚೆಂಡು ಬಡಿದ ಸದ್ದಾಯಿತು.

"ಇನ್ನೊಂದು," ಎಂದರು.

ಅಣವೀರಪ್ಪ ಚೆಂಡು ತರಲು ಅವರನ್ನು ದಾಟಿ ಬಲೆಯ ಕಡೆ ನಡೆದರು. ಜಹೀರುದ್ದೀನ್ ಬ್ಯಾಟು ಎತ್ತಿ ಹಿಡಿದೇ ಇದ್ದರು, ಎದುರಿಗೆ ಯಾರೂ ಇಲ್ಲದ ಆ ಬಿಸಿಲಿಗೆ ಮುಖ ಕೊಟ್ಟು.